ಕಾವಲಿಗೆ ಕೊಟ್ಟ ಕಾಡು, ಕಳೆದುಹೋದ ನಂಬಿಕೆ

ಕೊಡಗಿನ ಹಳ್ಳಿಗಳಲ್ಲಿ ದೇವರಕಾಡಿನ ಸುತ್ತ ಬೇಲಿ ಕಾಣುವುದು ಅಪರೂಪ. ಒಂದು ಮಗ್ಗುಲಿಗೆ ಕಾಫಿ ತೋಟ, ಇನ್ನೊಂದು ಮಗ್ಗುಲಿಗೆ ಭತ್ತದ ಗದ್ದೆ, ಇವೆರಡರ ನಡುವೆ ತಲೆಮಾರುಗಳಿಂದ ಕೊಡಲಿ ತಾಗದ ಮರಗಳ ಗುಂಪು. ಈ ಕಾಡಿಗೆ ಒಡೆಯನೆಂಬವನು ಇಲ್ಲ. ಊರಿನ ತಕ್ಕ ಅದರ ಹೊಣೆಗಾರನೇ ಹೊರತು ಮಾಲೀಕನಲ್ಲ. ಹಬ್ಬಕ್ಕೆ ಮುನ್ನ ಊರಿಗೆ ಕಟ್ಟು ಬಿದ್ದ ಮೇಲೆ ಅದನ್ನು ಪಾಲಿಸುವಂತೆ ನೋಡಿಕೊಳ್ಳುವುದು, ಉತ್ಸವ ಸಾಂಗವಾಗಿ ನಡೆಯುವಂತೆ ಮಾಡುವುದು, ವ್ಯಾಜ್ಯ ಬಂದಾಗ ಹಿರಿಯರನ್ನು ಕೂಡಿಸುವುದು ಅವನ ಪಾಲಿನ ಕೆಲಸ. ಆ ಕಾಡಿನ ಒಂದು ಮರವನ್ನು ತನ್ನ ಮನೆಯ ತೊಲೆಗೆಂದು ಉರುಳಿಸುವ ಹಕ್ಕು ಅವನಿಗಿಲ್ಲ. ಹಾಗೆ ಮಾಡಿದ ದಿನವೇ ಅವನ ಮಾತಿಗೆ ಊರಿನಲ್ಲಿ ತೂಕ ಉಳಿಯುವುದಿಲ್ಲ.

ಈ ವ್ಯವಸ್ಥೆಯನ್ನು ಹೊಗಳಿ ಹಾಡುವುದು ಸುಲಭ. ಆದರೆ ಅದರೊಳಗೂ ಅನ್ಯಾಯವಿತ್ತು ಎಂಬುದನ್ನು ಮರೆಮಾಚಬಾರದು. ಭೂಮಿಯುಳ್ಳ ಮನೆತನಗಳು ಕೂಡಿ ತೀರ್ಮಾನಿಸುವಾಗ ಎರವರ, ಕುರುಬರ, ದಲಿತರ ಮಾತಿಗೆ ಅಲ್ಲಿ ಸಿಗುತ್ತಿದ್ದ ಜಾಗ ಬಹಳ ಕಿರಿದು. ಹೀಗಿದ್ದೂ ಆ ವ್ಯವಸ್ಥೆಯ ಒಳಗೆ ಇಂದಿಗೂ ಬೆಲೆಯುಳ್ಳ ಒಂದು ತತ್ತ್ವವಿದೆ. ಎಲ್ಲರಿಗೂ ಸೇರಿದ್ದನ್ನು ಕಾಯುವವನು ಅದರ ಒಡೆಯನಾಗಲಾರ, ಮತ್ತು ಅವನು ತನ್ನ ನಡತೆಯ ಲೆಕ್ಕವನ್ನು ಊರಿನ ಮುಂದೆ ಒಪ್ಪಿಸಲೇಬೇಕು. ಸರಕಾರ, ನ್ಯಾಯಾಲಯ, ಇಲಾಖೆ, ಚುನಾಯಿತ ಪ್ರತಿನಿಧಿ ಇವರೆಲ್ಲರ ಮೇಲೆ ಜನ ಇಡಬಹುದಾದ ನಂಬಿಕೆಯ ತಳಹದಿಯೂ ಇದೇ. ದೇಶದುದ್ದಕ್ಕೂ ಸಂಸ್ಥೆಗಳ ಮೇಲಿನ ವಿಶ್ವಾಸ ಸಡಿಲಗೊಂಡಿದೆ ಎಂಬ ಮಾತು ಪದೇ ಪದೇ ಕೇಳಿಬರುತ್ತಿರುವ ಈ ದಿನಗಳಲ್ಲಿ, ಆ ವಿಶ್ವಾಸ ಹೇಗೆ ಸವೆಯಿತು ಎಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. 4,102 ಚದರ ಕಿಲೋಮೀಟರಿನ ಈ ಪುಟ್ಟ ಜಿಲ್ಲೆಯ ಕಳೆದ ಕೆಲವು ದಶಕಗಳ ಕಡತಗಳೇ ಸಾಕು.

ಎರಡು ಹೋಟೆಲು, ಒಂದೇ ಪಾಠ

ತಕ್ಕನ ತತ್ತ್ವವನ್ನು ಭಾರತದ ಸರ್ವೋಚ್ಚ ನ್ಯಾಯಾಲಯ 1996ರ ಡಿಸೆಂಬರಿನಲ್ಲಿ ಬೇರೆ ಮಾತುಗಳಲ್ಲಿ ಹೇಳಿತು. ಹಿಮಾಚಲ ಪ್ರದೇಶದ ಬಿಯಾಸ್ ನದಿಯ ದಡದ ಅರಣ್ಯಭೂಮಿಯನ್ನು ಹೋಟೆಲ್ ಕಂಪನಿಯೊಂದಕ್ಕೆ ಗುತ್ತಿಗೆ ಕೊಟ್ಟಿದ್ದ ಪ್ರಕರಣವದು. ಆ ಕಂಪನಿಗೆ ಕೇಂದ್ರದ ಪರಿಸರ ಸಚಿವರಾಗಿದ್ದ ಕಮಲ್ ನಾಥ್ ಅವರ ಕುಟುಂಬದ ನಂಟಿತ್ತು. ನದಿ, ಕಾಡು, ಕಡಲತೀರ, ಗಾಳಿ ಮೊದಲಾದವುಗಳಿಗೆ ಸರಕಾರ ಧರ್ಮದರ್ಶಿಯಷ್ಟೇ, ಅವುಗಳನ್ನು ಖಾಸಗಿ ಲಾಭಕ್ಕೆ ಪರಭಾರೆ ಮಾಡುವ ಹಕ್ಕು ಅದಕ್ಕಿಲ್ಲ ಎಂದು ನ್ಯಾಯಾಲಯ ಸಾರಿತು, ಗುತ್ತಿಗೆಯನ್ನು ರದ್ದುಪಡಿಸಿತು. ಸಾರ್ವಜನಿಕ ವಿಶ್ವಾಸದ ಸಿದ್ಧಾಂತವೆಂದು ಇದು ಅಂದಿನಿಂದ ಭಾರತದ ಕಾನೂನಿನ ಭಾಗವಾಗಿದೆ.

ಈ ತೀರ್ಪಿನ ಮರು ತಿಂಗಳೇ ಕೊಡಗಿನ ಕಾಡೊಂದರ ಬಗ್ಗೆ ಅದೇ ಬಗೆಯ ಪ್ರಶ್ನೆ ಕರ್ನಾಟಕ ಹೈಕೋರ್ಟಿನಲ್ಲಿ ಇತ್ಯರ್ಥವಾಯಿತು. ನಾಗರಹೊಳೆ ರಾಷ್ಟ್ರೀಯ ಉದ್ಯಾನದೊಳಗಿನ ಮೂರ್ಕಲ್ ಎಂಬಲ್ಲಿ ತಾಜ್ ಸಮೂಹಕ್ಕೆ ಸೇರಿದ ಕಂಪನಿಯು ಪ್ರವಾಸಿ ವಸತಿಗೃಹ ನಡೆಸಲು ರಾಜ್ಯ ಸರಕಾರ ಗುತ್ತಿಗೆ ನೀಡಿತ್ತು. ಹಾಡಿಗಳ ಜನ ಬೀದಿಗಿಳಿದರು. ನಾಗರಹೊಳೆ ಬುಡಕಟ್ಟು ಹಕ್ಕುಸ್ಥಾಪನಾ ಸಮಿತಿ ನ್ಯಾಯಾಲಯದ ಮೆಟ್ಟಿಲೇರಿತು. 1980ರ ಅರಣ್ಯ ಸಂರಕ್ಷಣಾ ಕಾಯಿದೆಯಂತೆ ಕೇಂದ್ರದ ಪೂರ್ವಾನುಮತಿ ಪಡೆಯದೆ ಅರಣ್ಯಭೂಮಿಯನ್ನು ಹೀಗೆ ವಹಿಸಿಕೊಡುವಂತಿಲ್ಲ ಎಂದು 1997ರ ಜನವರಿಯಲ್ಲಿ ಹೈಕೋರ್ಟು ತೀರ್ಪಿತ್ತಿತು. ಕಾಡಿನಲ್ಲಿ ಜೇನು ಕೀಳಲೂ ಅಂಜುವಂತೆ ಬದುಕುತ್ತಿದ್ದ ಜೇನುಕುರುಬರು ದೇಶದ ಅತಿ ದೊಡ್ಡ ಉದ್ಯಮ ಸಮೂಹವೊಂದರ ಎದುರು ಕಾನೂನಿನ ಬಲದಿಂದಲೇ ಗೆದ್ದ ಗಳಿಗೆ ಅದು. ನ್ಯಾಯಾಂಗದ ಮೇಲೆ ಈ ನೆಲದ ಕಟ್ಟಕಡೆಯ ಮನುಷ್ಯನಿಗೆ ನಂಬಿಕೆ ಹುಟ್ಟಬಹುದಾಗಿದ್ದ ಗಳಿಗೆಯೂ ಹೌದು.

ಆ ನಂಬಿಕೆಯನ್ನು ಬೆಳೆಸುವ ಕೆಲಸ ಮಾತ್ರ ಮುಂದೆ ನಡೆಯಲಿಲ್ಲ. ಹೋಟೆಲು ನಿಂತಿತು, ಆದರೆ ಹೋಟೆಲಿಗೆ ಜಾಗ ಕೊಡುವ ಮುನ್ನ ಅದೇ ಕಾಡಿನಿಂದ ಹೊರಹಾಕಲ್ಪಟ್ಟಿದ್ದವರ ಗತಿ ಏನೆಂಬ ಪ್ರಶ್ನೆ ಹಾಗೆಯೇ ಉಳಿಯಿತು. ಹೈಕೋರ್ಟು ನೇಮಿಸಿದ, ಪ್ರೊ. ಮುಜಾಫರ್ ಅಸ್ಸಾದಿ ಅವರ ನೇತೃತ್ವದ ಸಮಿತಿ 2014ರಲ್ಲಿ ಸಲ್ಲಿಸಿದ ವರದಿ 3,418 ಕುಟುಂಬಗಳು ನಾಗರಹೊಳೆಯಿಂದ ಸೂಕ್ತ ಪುನರ್ವಸತಿಯಿಲ್ಲದೆ ಹೊರಬಿದ್ದಿದ್ದವೆಂದು ಗುರುತಿಸಿತು. ವರದಿ ಬಂದು ಹತ್ತು ವರ್ಷಗಳ ಮೇಲಾಯಿತು. ಅದರ ಶಿಫಾರಸುಗಳು ಇನ್ನೂ ಪೂರ್ಣವಾಗಿ ಜಾರಿಯಾಗಿಲ್ಲ. ತಪ್ಪನ್ನು ತಡೆಯುವುದರಲ್ಲಿ ನ್ಯಾಯಾಲಯ ತೋರಿದ ಚುರುಕು, ಆಗಿಹೋದ ತಪ್ಪನ್ನು ಸರಿಪಡಿಸುವುದರಲ್ಲಿ ಆಡಳಿತಕ್ಕೆ ಬರಲಿಲ್ಲ. ತೀರ್ಪು ಗೆದ್ದವನು ಮನೆಗೆ ಬರಿಗೈಯಲ್ಲಿ ಮರಳಿದರೆ ಅವನಿಗೆ ನ್ಯಾಯ ಸಿಕ್ಕಿತೆನ್ನಲಾದೀತೆ?

ದಿಡ್ಡಳ್ಳಿಯ ತಕ್ಕಡಿ

ನಾಗರಹೊಳೆಯ ಗುತ್ತಿಗೆಯ ಕತೆಗೂ ದಿಡ್ಡಳ್ಳಿಯ ಕತೆಗೂ ಇಪ್ಪತ್ತು ವರ್ಷಗಳ ಅಂತರ. 2016ರ ಡಿಸೆಂಬರ್ 7ರಂದು ವಿರಾಜಪೇಟೆ ತಾಲ್ಲೂಕಿನ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ನೆಲಸಮಗೊಳಿಸಲಾಯಿತು. ಇದು ಮೀಸಲು ಅರಣ್ಯ, ಹೊಸದಾಗಿ ಅತಿಕ್ರಮಿಸಿದವರಿವರು ಎಂಬುದು ಅರಣ್ಯ ಇಲಾಖೆಯ ವಾದ. ತಲೆಮಾರುಗಳಿಂದ ಕಾಫಿ ತೋಟಗಳ ಲೈನ್‌ಮನೆಗಳಲ್ಲಿ ದುಡಿದು, ಸ್ವಂತದ್ದೆನ್ನುವ ಒಂದು ಗೇಣು ನೆಲವಿಲ್ಲದೆ, ಹಿರಿಯರ ಕಾಡಿಗೆ ಮರಳಿದೆವೆಂಬುದು ಎರವರ ಮತ್ತು ಜೇನುಕುರುಬರ ವಾದ. ಈ ಎರಡು ವಾದಗಳಲ್ಲಿ ಯಾವುದು ಸರಿಯೆಂದು ತೂಗುವುದಕ್ಕಾಗಿಯೇ ಸಂಸತ್ತು 2006ರಲ್ಲಿ ಅರಣ್ಯ ಹಕ್ಕು ಕಾಯಿದೆಯನ್ನು ಅಂಗೀಕರಿಸಿತ್ತು. ಹಕ್ಕುಗಳ ಪರಿಶೀಲನೆ ಮುಗಿಯುವವರೆಗೆ ಅರಣ್ಯವಾಸಿಯನ್ನು ಒಕ್ಕಲೆಬ್ಬಿಸಬಾರದೆಂದು ಅದರ ನಾಲ್ಕನೆಯ ಪ್ರಕರಣ ಸ್ಪಷ್ಟವಾಗಿ ಹೇಳುತ್ತದೆ. ದಿಡ್ಡಳ್ಳಿಯಲ್ಲಿ ಮಾತ್ರ ತೂಗುವ ಮೊದಲೇ ತೀರ್ಪು ಜಾರಿಯಾಯಿತು.

ತಿಂಗಳುಗಟ್ಟಲೆ ನಡೆದ ಹೋರಾಟದ ಬಳಿಕ ಆ ಕುಟುಂಬಗಳಿಗೆ ಕುಶಾಲನಗರದ ಕಡೆಯ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ನೆಲೆ ಕಲ್ಪಿಸಲಾಯಿತು. ಸರಕಾರ ಕೊನೆಗೂ ಸ್ಪಂದಿಸಿತೆಂದು ಇದನ್ನು ಹೇಳಬಹುದು. ಆದರೆ ಕಾಯಿದೆಯ ಮೂಲಕ ಬರಬೇಕಾದುದು ಬೆತ್ತಲೆ ನೆಲದ ಮೇಲಿನ ಚಳಿಯ ಮೂಲಕ ಬಂದಾಗ ಜನ ಕಲಿಯುವ ಪಾಠವೇನು? ಅರ್ಜಿಗೆ ಬೆಲೆಯಿಲ್ಲ, ಬೀದಿಗಿಳಿದರೆ ಮಾತ್ರ ಕಿವಿ ಕೇಳಿಸುತ್ತದೆ ಎಂಬ ಪಾಠ. ಸಂಸ್ಥೆಗಳನ್ನು ಇದಕ್ಕಿಂತ ಹೆಚ್ಚಾಗಿ ಶಿಥಿಲಗೊಳಿಸುವ ಪಾಠ ಬೇರೊಂದಿಲ್ಲ.

2025ರ ಮೇ ತಿಂಗಳಲ್ಲಿ ನಾಗರಹೊಳೆಯೊಳಗಿನ ಕರಡಿಕಲ್ಲು ಅತ್ತೂರುಕೊಲ್ಲಿಗೆ ಐವತ್ತಕ್ಕೂ ಹೆಚ್ಚು ಜೇನುಕುರುಬ ಕುಟುಂಬಗಳು ಮರಳಿ ಹೋಗಿ ಗುಡಿಸಲು ಕಟ್ಟಿಕೊಂಡಾಗಲೂ ಎದ್ದ ಪ್ರಶ್ನೆ ಇದೇ. ಹಿರಿಯರ ಸಮಾಧಿಗಳೂ ದೈವದ ತಾಣಗಳೂ ಇಲ್ಲಿವೆ ಎಂದು ಅವರೆಂದರು, ವಾಸದ ಪುರಾವೆ ಸಾಲದೆಂದು ಆಡಳಿತ ಹೇಳಿತು. ಉಪಗ್ರಹ ಚಿತ್ರ ಪೂರಕ ಸಾಕ್ಷ್ಯವಾಗಬಹುದೇ ಹೊರತು ಉಳಿದ ಸಾಕ್ಷ್ಯಗಳ ಬದಲಿಯಾಗಲಾರದೆಂದು 2012ರ ತಿದ್ದುಪಡಿ ನಿಯಮಗಳು ಹೇಳುತ್ತವೆ. ಹುಲ್ಲಿನ ಗುಡಿಸಲು ಆಕಾಶದಿಂದ ಕಾಣದೆಂಬ ಸರಳ ಸತ್ಯವನ್ನು ನಿಯಮ ರೂಪಿಸಿದವರು ಅರಿತಿದ್ದರು. ಅದೇ ನಿಯಮವನ್ನು ಹಾಡಿಯಲ್ಲಿ ಕುಳಿತು, ಹಿರಿಯರ ಮಾತು ಕೇಳಿ, ಕಾರಣಸಹಿತ ಲಿಖಿತ ಆದೇಶದ ಮೂಲಕ ಪಾಲಿಸುವ ತಾಳ್ಮೆ ಆಡಳಿತಕ್ಕಿರಬೇಕಾಗಿದೆ. ದೇಶದ ಬೇರೆ ಕಡೆಯೂ ಈ ತಾಳ್ಮೆಯ ಕೊರತೆ ಎದ್ದು ಕಂಡಿದೆ. ಅರ್ಜಿ ತಿರಸ್ಕೃತರಾದವರನ್ನು ಹೊರಹಾಕಬೇಕೆಂದು 2019ರ ಫೆಬ್ರವರಿ 13ರಂದು ಆದೇಶಿಸಿದ್ದ ಸರ್ವೋಚ್ಚ ನ್ಯಾಯಾಲಯವೇ ಎರಡು ವಾರಗಳಲ್ಲಿ ಅದಕ್ಕೆ ತಡೆಯೊಡ್ಡಿ, ತಿರಸ್ಕಾರ ಯಾವ ಕ್ರಮದಲ್ಲಿ ನಡೆಯಿತೆಂದು ರಾಜ್ಯಗಳನ್ನು ಕೇಳಬೇಕಾಯಿತು.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆ ಕರ್ನಾಟಕದಲ್ಲೇ ಇದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಒಂದೇ ರಾಜ್ಯ, ಒಂದೇ ಕಾಯಿದೆ, ಒಂದೇ ಹುಲಿ. ಅಲ್ಲಿ ಸಾಧ್ಯವಾದುದು ಇಲ್ಲಿ ಏಕೆ ಅಸಾಧ್ಯ ಎಂಬುದಕ್ಕೆ ಕೊಡಗಿನ ಹಾಡಿಗಳಿಗೆ ಇಂದಿಗೂ ಸಮರ್ಪಕ ಉತ್ತರ ದೊರೆತಿಲ್ಲ.

ಕಾವಲುಗಾರನ ಲೆಕ್ಕ

ಹಾಡಿಯ ಜನರಿಂದ ಪುರಾವೆ ಕೇಳುವ ಸರಕಾರ ತನ್ನ ಕಾವಲಿನ ಲೆಕ್ಕವನ್ನೂ ಒಪ್ಪಿಸಬೇಕಲ್ಲವೆ? ದೇವರಕಾಡುಗಳ ದಾಖಲೆ ಈ ವಿಷಯದಲ್ಲಿ ಸಮಾಧಾನ ತರುವಂಥದ್ದಲ್ಲ. 1905ರಲ್ಲಿ ಇವು ಕಂದಾಯ ಇಲಾಖೆಯ ಸುಪರ್ದಿಗೆ ಹೋದವು. 1985ರಲ್ಲಿ ಮತ್ತೆ ಅರಣ್ಯ ಇಲಾಖೆಗೆ ಬಂದಾಗ ಉಳಿದಿದ್ದುದು 6,299 ಎಕರೆ. ಎಂಬತ್ತು ವರ್ಷಗಳಲ್ಲಿ ಹತ್ತರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಕಾಡು ಕಡತದೊಳಗೇ ಕರಗಿತು. ಜಿಲ್ಲೆಯಲ್ಲಿ 1,214 ದೇವರಕಾಡುಗಳಿವೆ ಎಂದು ಹೆಮ್ಮೆಯಿಂದ ಹೇಳಲಾಗುತ್ತದೆ. ಅವುಗಳಲ್ಲಿ ಹಲವು ಒಂದೆರಡು ಎಕರೆಯ ತುಂಡುಗಳಾಗಿ ಉಳಿದಿವೆ ಎಂಬುದನ್ನು ಅದೇ ದನಿಯಲ್ಲಿ ಹೇಳುವವರು ಕಡಿಮೆ. ಆ ನೆಲವನ್ನು ಒತ್ತುವರಿ ಮಾಡಿದವರೆಲ್ಲ ಬಡವರಾಗಿರಲಿಲ್ಲ. ಅವರೆಲ್ಲರ ಮನೆಗೂ ಜೆಸಿಬಿ ಹೋಗಲಿಲ್ಲ.

ತಕ್ಕಡಿ ಎಂಬ ಪದಕ್ಕೆ ಕೊಡಗಿನ ರಾಜಕೀಯ ಚರಿತ್ರೆಯಲ್ಲಿ ವಿಶೇಷ ಸ್ಥಾನವಿದೆ. 1952ರಲ್ಲಿ ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ ನಡೆದ ಚುನಾವಣೆಯಲ್ಲಿ ಪಂದ್ಯಂಡ ಬೆಳ್ಳಿಯಪ್ಪನವರ ಮುಂದಾಳತ್ವದ ಗುಂಪಿಗೆ ತಕ್ಕಡಿ ಪಕ್ಷವೆಂಬ ಹೆಸರೇ ಬಿದ್ದಿತ್ತು. 24 ಸದಸ್ಯರ ವಿಧಾನಸಭೆಯಲ್ಲಿ ಕಾಂಗ್ರೆಸ್ ಬಹುಮತ ಪಡೆದು ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾದರು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನವಾಯಿತು. ಆಗ ಸುಮಾರು 2.3 ಲಕ್ಷ ಜನಕ್ಕೆ 24 ಪ್ರತಿನಿಧಿಗಳು. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಮೂರಿದ್ದ ಸ್ಥಾನ ಎರಡಕ್ಕಿಳಿಯಿತು. 2011ರ ಜನಗಣತಿಯಂತೆ ಐದೂವರೆ ಲಕ್ಷ ಮೀರಿದ ಜನಕ್ಕೆ ಇಂದು ಇಬ್ಬರು ಶಾಸಕರು. ಹತ್ತು ಸಾವಿರಕ್ಕೂ ಕಡಿಮೆ ಜನರಿಗೆ ಉತ್ತರ ಹೇಳಬೇಕಾಗಿದ್ದ ಜಾಗದಲ್ಲಿ ಒಬ್ಬರು ಎರಡೂಮುಕ್ಕಾಲು ಲಕ್ಷ ಜನರಿಗೆ ಉತ್ತರ ಹೇಳಬೇಕು.

ಈ ದೂರದ ಪರಿಣಾಮವನ್ನು ಮೈಸೂರು–ಕೋಳಿಕ್ಕೋಡ್ ನಡುವಿನ 400 ಕಿಲೋವೋಲ್ಟ್ ವಿದ್ಯುತ್ ಮಾರ್ಗ ಎಳೆದಾಗ ಜಿಲ್ಲೆ ಕಂಡಿತು. 2015ರಲ್ಲಿ ಪೂರ್ಣಗೊಂಡ ಆ ಮಾರ್ಗಕ್ಕಾಗಿ ಐವತ್ತು ಸಾವಿರಕ್ಕೂ ಹೆಚ್ಚು ಮರಗಳು ಉರುಳಿದವು. ಕಾವೇರಿಯ ಜಲಾನಯನ ಪ್ರದೇಶವಿದು, ಆನೆಗಳ ಹಾದಿಯಿದು ಎಂದು ಪರಿಸರಾಸಕ್ತರು ಕೂಗಿ ಹೇಳಿದರು, ನ್ಯಾಯಾಲಯದ ಬಾಗಿಲನ್ನೂ ತಟ್ಟಿದರು. ಕಂಬಗಳು ನಿಂತೇ ನಿಂತವು.

ಆದಕಾರಣ ಪ್ರತ್ಯೇಕ ರಾಜ್ಯವೇ ಪರಿಹಾರವೆಂದು ವಾದಿಸುವವರೂ ಇದ್ದಾರೆ. ಆ ವಾದದಲ್ಲಿ ನೋವಿದೆ, ಆದರೆ ಉತ್ತರವಿಲ್ಲ. ದೇವರಕಾಡುಗಳ ಸವೆತ ವಿಲೀನಕ್ಕಿಂತ ಬಹಳ ಹಿಂದೆಯೇ ಶುರುವಾಗಿತ್ತು. ಅಧಿಕಾರ ಮಡಿಕೇರಿಯಲ್ಲಿದ್ದಾಗಲೂ ಲೈನ್‌ಮನೆಯ ಕೂಲಿಗೆ ಅದು ದೂರವೇ ಆಗಿತ್ತು. ಮಡಿಕೇರಿಗೂ ಬೆಂಗಳೂರಿಗೂ ನಡುವಿನ ಮೈಲುಗಳು ಇಲ್ಲಿ ಎರಡನೆಯ ಮಾತು. ಅಧಿಕಾರಸ್ಥ ತಾನು ಮಾಡಿದ್ದಕ್ಕೆ ಯಾರ ಮುಂದೆ ನಿಂತು ಕಾರಣ ಹೇಳಬೇಕು ಎಂಬುದು ಮೊದಲನೆಯದು.

ಪರಿಸರ ಚಳವಳಿಯೂ ಈ ತಕ್ಕಡಿಯಿಂದ ಹೊರತಲ್ಲ. ಮಾರ್ಗಕ್ಕೆ ಉರುಳಿದ ಮರಗಳಿಗಾಗಿ ಬೀದಿಗಿಳಿದವರೆಲ್ಲ ದಿಡ್ಡಳ್ಳಿಯ ಗುಡಿಸಲುಗಳಿಗಾಗಿ ಇಳಿಯಲಿಲ್ಲ. ಕಾಡುಳಿಯಬೇಕೆಂದು ಬಯಸಿ ಒಕ್ಕಲೆಬ್ಬಿಸುವಿಕೆಯನ್ನು ಸರಿಯೆಂದವರೂ ಇದ್ದರು. ಕಾಡನ್ನು ಪ್ರೀತಿಸುವವನು ಕಾಡಿನವನನ್ನು ಸಂದೇಹದಿಂದ ಕಂಡರೆ, ಇಲಾಖೆಯನ್ನು ಪಕ್ಷಪಾತಿಯೆಂದು ದೂರುವ ನೈತಿಕ ಬಲ ಅವನಲ್ಲಿ ಉಳಿಯುವುದು ಕಷ್ಟ.

ವರದಿ ಮತ್ತು ವದಂತಿ

ನಾಯಕತ್ವ ಸೋತ ಬಗೆಯನ್ನು ಪಶ್ಚಿಮಘಟ್ಟದ ವರದಿಗಳ ಕತೆಯಷ್ಟು ನಿಚ್ಚಳವಾಗಿ ತೋರಿಸುವುದು ಇನ್ನೊಂದಿಲ್ಲ. ಪ್ರೊ. ಮಾಧವ ಗಾಡ್ಗೀಳ್ ಅವರ ಅಧ್ಯಕ್ಷತೆಯ ತಜ್ಞರ ಸಮಿತಿ 2011ರ ಆಗಸ್ಟಿನಲ್ಲಿ ವರದಿ ಒಪ್ಪಿಸಿತು. ಯಾವ ವರದಿಯ ಜೀವಾಳ ಗ್ರಾಮಸಭೆಗಳ ಚರ್ಚೆಯಾಗಿತ್ತೋ ಅದೇ ವರದಿಯನ್ನು ಕೇಂದ್ರ ಸಚಿವಾಲಯ ತಿಂಗಳುಗಟ್ಟಲೆ ಬಚ್ಚಿಟ್ಟಿತು. ಮಾಹಿತಿ ಆಯೋಗವೂ ದೆಹಲಿ ಹೈಕೋರ್ಟೂ ಹೇಳಿದ ಮೇಲೆಯೇ 2012ರ ಮೇ ತಿಂಗಳಲ್ಲಿ ಅದು ಹೊರಬಂತು. ಆಮೇಲೆ ಕಸ್ತೂರಿರಂಗನ್ ಸಮಿತಿ, 2013ರಲ್ಲಿ ಇನ್ನೊಂದು ವರದಿ. ಕೊಡಗಿನ 55 ಗ್ರಾಮಗಳು ಪರಿಸರ ಸೂಕ್ಷ್ಮ ಪ್ರದೇಶದ ಪಟ್ಟಿಗೆ ಬಂದವು. 2014ರಿಂದ 2024ರ ಜುಲೈವರೆಗೆ ಆರು ಬಾರಿ ಕರಡು ಅಧಿಸೂಚನೆ ಹೊರಟಿತು. ಪ್ರತಿ ಬಾರಿಯೂ ವಿರೋಧ, ಪ್ರತಿ ಬಾರಿಯೂ ಮುಂದೂಡಿಕೆ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ವರದಿಯನ್ನು ಮತ್ತೆ ತಿರಸ್ಕರಿಸಿತು. ಪಕ್ಷ ಬದಲಾದರೂ ರಾಜ್ಯದ ನಿಲುವು ಬದಲಾಗಲಿಲ್ಲ.

ಬೆಳೆಗಾರರ ಆತಂಕವನ್ನು ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ತನ್ನ ಬಾಣೆಯ ಮರ ತನ್ನದೋ ಸರಕಾರದ್ದೋ ಎಂದು ತಿಳಿಯಲು ಕಚೇರಿಯಿಂದ ಕಚೇರಿಗೆ ಅಲೆದವನು, ಜಮ್ಮಾ ಭೂಮಿಯ ದಾಖಲೆಗಾಗಿ ವರ್ಷಗಟ್ಟಲೆ ಕಾದವನು, ಇನ್ನೊಂದು ಅಧಿಸೂಚನೆ ಬರುತ್ತದೆಂದಾಗ ಬೆದರುವುದು ಸಹಜ. ಅವನ ಅಪನಂಬಿಕೆಗೆ ಕಾರಣ ಕಾಡಲ್ಲ, ಕಚೇರಿ. ಹೊಣೆಯರಿತ ನಾಯಕನಾದವನು ಆ ಬೆದರಿಕೆಯನ್ನು ಕಡಿಮೆ ಮಾಡಬೇಕಾಗಿತ್ತು. ವರದಿಯನ್ನು ಕನ್ನಡದಲ್ಲಿ ಕೈಯಲ್ಲಿ ಹಿಡಿದು ಊರೂರಿಗೆ ಹೋಗಿ, ಇದರಲ್ಲಿ ಇಂಥ ಮಾತು ಇದೆ, ಇಂಥದ್ದು ಇಲ್ಲ, ಇದನ್ನು ಒಪ್ಪುತ್ತೇನೆ, ಇದನ್ನು ಒಪ್ಪುವುದಿಲ್ಲ ಎಂದು ಹೇಳಬೇಕಾಗಿತ್ತು. ಬದಲಿಗೆ ಮನೆ ಕಟ್ಟುವಂತಿಲ್ಲ, ದನ ಸಾಕುವಂತಿಲ್ಲ ಎಂಬ ವದಂತಿಗಳು ವರದಿಗಿಂತ ಮೊದಲೇ ಹಳ್ಳಿ ತಲುಪಿದವು. ಭಯ ಮತವಾಗಿ ಫಲಿಸುವಾಗ ಅದನ್ನು ನೀಗಿಸುವ ಅವಸರ ಯಾರಿಗೂ ಇರಲಿಲ್ಲ.

ಗುಡ್ಡಗಳಿಗೆ ಮಾತ್ರ ಚುನಾವಣೆಯ ಲೆಕ್ಕಾಚಾರ ತಿಳಿಯದು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು, ಹೆಬ್ಬೆಟ್ಟಗೇರಿಗಳ ಇಳಿಜಾರುಗಳು ಮನೆ, ತೋಟ, ರಸ್ತೆಗಳೊಂದಿಗೆ ಕುಸಿದವು. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಮಗ್ಗುಲಿನ ಬೆಟ್ಟ. ಅತಿವೃಷ್ಟಿಯೊಂದಿಗೆ, ಮನೆ, ರಸ್ತೆಗಳಿಗಾಗಿ ಇಳಿಜಾರನ್ನು ಲಂಬವಾಗಿ ಕಡಿದದ್ದೂ ಕುಸಿತಕ್ಕೆ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 2018ರಲ್ಲೇ ಗುರುತಿಸಿತ್ತು. ಭೂಪರಿವರ್ತನೆಯ ಕಡತಕ್ಕೆ ಸಹಿ ಬೀಳುವಾಗ ಆ ಇಳಿಜಾರಿನ ಕೆಳಗೆ ಮಲಗುವವರನ್ನು ಕೇಳಿದವರು ಎಷ್ಟು ಮಂದಿ?

ಅದೇ ವಿಪತ್ತಿನ ದಿನಗಳು ಇನ್ನೊಂದನ್ನೂ ತೋರಿಸಿದವು. ಸರಕಾರಿ ವಾಹನ ತಲುಪುವ ಮೊದಲೇ ಶಾಲೆ, ಸಮುದಾಯ ಭವನ, ಮಂದಿರ, ಮಸೀದಿ, ಚರ್ಚುಗಳ ಬಾಗಿಲು ತೆರೆದಿತ್ತು. ಜಾತಿ ಕೇಳದೆ ಅನ್ನ ಬಡಿಸಲಾಯಿತು. ಮುಂದೆ ಕರ್ಣಂಗೇರಿ, ಮದೆನಾಡು, ಜಂಬೂರುಗಳಲ್ಲಿ ಸಂತ್ರಸ್ತರಿಗೆ ಮನೆಗಳೂ ಎದ್ದವು. ಜನರ ನಡುವಿನ ನಂಬಿಕೆ ಸತ್ತಿಲ್ಲ. ಸೊರಗಿರುವುದು ಜನರಿಗೂ ಅವರ ಹೆಸರಿನಲ್ಲಿ ಸಹಿ ಮಾಡುವವರಿಗೂ ನಡುವಿನ ನಂಬಿಕೆ.

ನೆರೆಯ ಬೆಟ್ಟದೇಶದ ನಿದರ್ಶನ

ಈ ನಂಬಿಕೆ ಪೂರ್ತಿ ಕಡಿದುಹೋದರೆ ಏನಾಗುತ್ತದೆ ಎಂಬುದನ್ನು 2025ರ ಸೆಪ್ಟೆಂಬರಿನಲ್ಲಿ ನೇಪಾಳ ತೋರಿಸಿತು. ಭ್ರಷ್ಟಾಚಾರದಿಂದ ಬೇಸತ್ತ ಯುವಜನರ ಪ್ರತಿಭಟನೆಗೆ ಗುಂಡಿನ ಉತ್ತರ ಸಿಕ್ಕಿದ ಮರುದಿನ ಸಂಸತ್ ಭವನ ಹೊತ್ತಿ ಉರಿಯಿತು. ಸರ್ವೋಚ್ಚ ನ್ಯಾಯಾಲಯದ ಕಟ್ಟಡವೂ ಬೆಂಕಿಗೆ ಸಿಕ್ಕಿತು. ಅದೇ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಸುಶೀಲಾ ಕಾರ್ಕಿಯವರನ್ನೇ ಮಧ್ಯಂತರ ಪ್ರಧಾನಿಯಾಗಿ ಆ ದೇಶ ಆರಿಸಿಕೊಂಡಿತು. ಕಟ್ಟಡ ಸುಟ್ಟ ಕೈಗಳಿಗೂ ಕೊನೆಗೆ ಬೇಕಾದದ್ದು ನ್ಯಾಯದ ಮುಖವೇ.

ಆ ದೇಶದ ಇನ್ನೊಂದು ಕತೆ ಇಷ್ಟು ಸದ್ದು ಮಾಡಿಲ್ಲ, ಬೆಟ್ಟದ ಜನ ಅರಿಯಬೇಕಾದದ್ದು ಅದನ್ನೇ. 1957ರಲ್ಲಿ ನೇಪಾಳ ತನ್ನ ಕಾಡುಗಳನ್ನು ರಾಷ್ಟ್ರೀಕರಿಸಿತು. ಊರಿನದಾಗಿದ್ದ ಕಾಡು ಯಾರದೂ ಅಲ್ಲದಂತಾಗಿ ಬೋಳಾಯಿತು. 1993ರ ಅರಣ್ಯ ಕಾಯಿದೆ ಅದನ್ನು ಬಳಕೆದಾರರ ಸಮುದಾಯ ಗುಂಪುಗಳ ಕೈಗಿತ್ತಿತು. ಇಂದು ಅಂಥ ಗುಂಪುಗಳು ಇಪ್ಪತ್ತು ಸಾವಿರಕ್ಕೂ ಹೆಚ್ಚು. 1996ರಿಂದ 2006ರವರೆಗೆ ಅಂತರ್ಯುದ್ಧ ನಡೆಯಿತು. 2002ರಿಂದ 2017ರವರೆಗೆ ಚುನಾಯಿತ ಸ್ಥಳೀಯ ಸಂಸ್ಥೆಗಳೇ ಇರಲಿಲ್ಲ. ಆ ಕತ್ತಲಿನಲ್ಲೂ ಅರಣ್ಯ ಗುಂಪುಗಳು ಸಭೆ ಸೇರಿದವು, ಲೆಕ್ಕ ಓದಿದವು, ಪದಾಧಿಕಾರಿಗಳನ್ನು ಆರಿಸಿದವು. 1990ರ ದಶಕದ ಆರಂಭದಲ್ಲಿ ದೇಶದ ನೆಲದ ನಾಲ್ಕನೆಯ ಒಂದು ಪಾಲಿನಷ್ಟಿದ್ದ ಕಾಡು ಇಪ್ಪತ್ತೈದು ವರ್ಷಗಳಲ್ಲಿ ಸುಮಾರು ಶೇಕಡಾ 45ಕ್ಕೇರಿತು. ವಲಸೆಯಿಂದ ಬೇಸಾಯ ಕುಗ್ಗಿದ್ದೂ ಇದಕ್ಕೆ ನೆರವಾಯಿತು, ಮೇಲ್ಜಾತಿಯ ಹಿಡಿತದ ದೂರುಗಳೂ ಅಲ್ಲಿ ಇಲ್ಲದಿಲ್ಲ. ಆದರೂ ರಾಜಧಾನಿಯ ಸಂಸ್ಥೆಗಳು ಒಂದೊಂದಾಗಿ ಕುಸಿದ ದೇಶದಲ್ಲಿ ಲೆಕ್ಕ ಓದುವ ಸಭೆಗಳು ಮಾತ್ರ ಉಳಿದವು.

ಕೊಡಗಿನಲ್ಲಿ ಮಾಡಬಹುದಾದ ಕೆಲಸಗಳು ಇದರಿಂದ ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಪ್ರತಿ ದೇವರಕಾಡಿನ ಗಡಿ, ಮೂಲ ವಿಸ್ತೀರ್ಣ, ಇಂದಿನ ವಿಸ್ತೀರ್ಣ, ಒತ್ತುವರಿಯ ಪಟ್ಟಿ ಆಯಾ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರಬೇಕು. ರಾಜಸ್ಥಾನದ ಪವಿತ್ರ ವನಗಳ ಪ್ರಕರಣದಲ್ಲಿ ಅವುಗಳನ್ನು ಒಂದೊಂದಾಗಿ ಅಳೆದು ಗುರುತಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2024ರ ಡಿಸೆಂಬರಿನಲ್ಲಿ ಹೇಳಿದೆ. ಕೊಡಗು ಆದೇಶಕ್ಕೆ ಕಾಯಬೇಕಾಗಿಲ್ಲ. ಎರಡನೆಯದಾಗಿ, ಅರಣ್ಯ ಹಕ್ಕಿನ ಪ್ರತಿ ಅರ್ಜಿಗೂ ಕಾರಣಸಹಿತ ಲಿಖಿತ ಉತ್ತರ ಹಾಡಿಯಲ್ಲಿಯೇ ಓದಿ ಹೇಳಲ್ಪಡಬೇಕು. ಅಲ್ಲಿಯವರೆಗೆ ಒಂದು ಗುಡಿಸಲೂ ಉರುಳಕೂಡದು. ಮೂರನೆಯದಾಗಿ, ಇಳಿಜಾರಿನ ಭೂಪರಿವರ್ತನೆಯ ಕಡತ ಸಹಿಗೆ ಮುನ್ನ ಗ್ರಾಮಸಭೆಗೆ ಬರಬೇಕು. ನಾಲ್ಕನೆಯದಾಗಿ, ಪಶ್ಚಿಮಘಟ್ಟದ ವರದಿಗಳನ್ನು ಒಪ್ಪುವ ಅಥವಾ ಒಪ್ಪದ ಪ್ರತಿನಿಧಿಗಳು ತಮ್ಮ ಕಾರಣಗಳನ್ನು ಬರೆದು ಸಹಿ ಮಾಡಿ ಮತದಾರರ ಮುಂದಿಡಬೇಕು.

ಇವುಗಳಲ್ಲಿ ಯಾವುದಕ್ಕೂ ಹೊಸ ಕಾಯಿದೆ ಬೇಕಿಲ್ಲ, ಮಹಾಪುರುಷನೂ ಬೇಕಿಲ್ಲ. ಬೇಕಾದುದು ಕೇಳುವ ಅಭ್ಯಾಸ. ಗ್ರಾಮಸಭೆಯ ದಿನ ತೋಟದ ಕೆಲಸಕ್ಕೆ ರಜೆ ಕೊಟ್ಟು ಲೈನ್‌ಮನೆಯವರನ್ನೂ ಕರೆತಂದು, ಅವರ ಪ್ರಶ್ನೆಯನ್ನು ಮೊದಲು ನಡಾವಳಿ ಪುಸ್ತಕದಲ್ಲಿ ಬರೆಸಿದರೆ, ತಕ್ಕನ ಹಳೆಯ ತತ್ತ್ವಕ್ಕೆ ಅಂದಿಲ್ಲದಿದ್ದ ನ್ಯಾಯವೂ ಸೇರೀತು. ಕಾವಲಿಗೆ ಕೊಟ್ಟದ್ದರ ಲೆಕ್ಕವನ್ನು ಊರು ಕೇಳಬೇಕು. ಕೇಳದೆ ಹೋದರೆ ಇನ್ನೊಂದು ಎಂಬತ್ತು ವರ್ಷಗಳ ಬಳಿಕ ಆ 6,299 ಎಕರೆಯ ಲೆಕ್ಕವನ್ನು ಯಾರಾದರೂ ಹಳೆಯ ಕಡತದಲ್ಲಿ ಹುಡುಕಬೇಕಾದೀತು.